ಮಿಕ್ಸಿಗೆ ಹೊಸ ಕಾರ್ಬನ್ ಹಾಕುವ ಮುನ್ನ ಹಳೆಯದನ್ನು ನೋಡಿ

ಮಿಕ್ಸಿ ಓಡುತ್ತಿದ್ದ ಹಾಗೇ ನಿಂತುಬಿಡುತ್ತದೆ, ಪಕ್ಕಕ್ಕೆ ಒಂದು ಏಟು ಕೊಟ್ಟರೆ ಮತ್ತೆ ಹೊರಡುತ್ತದೆ. ವೇಗ ಏರುಪೇರಾಗುತ್ತದೆ. ಕೆಳಗಿನ ಗಾಳಿಕಿಂಡಿಯಲ್ಲಿ ದೊಡ್ಡ ಕಿಡಿ ಕಾಣುತ್ತದೆ. ಇವೆಲ್ಲ ಒಟ್ಟಿಗೆ ಕಂಡರೆ ನಾನು ಮೊದಲು ಕೈ ಹಾಕುವುದು ಕಾರ್ಬನ್ ಬ್ರಷ್‌ಗೆ, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡಿಗೆ. ಭಾರ ಮಿತಿಮೀರಿದಾಗ ಕರೆಂಟು ಕಡಿಯುವ ಓವರ್‌ಲೋಡ್ ಬಟನ್ ಹೊರಗೆ ಹಾರಿದ್ದರೆ ಮಾತ್ರ ದಾರಿ ಬೇರೆ. ಸವೆದ ಬ್ರಷ್‌ನಿಂದ ಕರೆಂಟು ಕಡಿಮೆಯಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಬಟನ್ ಹಾರುವುದು ಕರೆಂಟು ಹೆಚ್ಚಾದಾಗ. ಆಗ ಜಾರಿನ ಬುಷ್ (ಶಾಫ್ಟ್ ಕೂತು ತಿರುಗುವ ಲೋಹದ ಕೊಳವೆ) ಹಿಡಿದುಕೊಂಡಿದೆಯೇ, ಆರ್ಮೇಚರ್ (ಮೋಟರಿನಲ್ಲಿ ತಿರುಗುವ ತಂತಿಸುತ್ತಿನ ಭಾಗ) ಶಾರ್ಟ್ ಆಗಿದೆಯೇ ಎಂದು ನೋಡಬೇಕು.

ಮಿಕ್ಸಿಯಲ್ಲಿರುವುದು ಯುನಿವರ್ಸಲ್ ಮೋಟರ್. ಅಲುಗದೆ ಕೂತಿರುವ ಫೀಲ್ಡ್ ಕಾಯಿಲ್, ಒಂದು ಬ್ರಷ್, ಆರ್ಮೇಚರ್, ಇನ್ನೊಂದು ಬ್ರಷ್, ಎಲ್ಲವೂ ಒಂದೇ ಸಾಲಿನಲ್ಲಿ ಪೋಣಿಸಿದ ಹಾಗೆ. ಎರಡರಲ್ಲಿ ಯಾವ ಬ್ರಷ್ ಕಮ್ಯುಟೇಟರ್ (ಆರ್ಮೇಚರಿನ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಉರುಳೆ) ಬಿಟ್ಟು ಮೇಲೆದ್ದರೂ ಮೋಟರ್ ಪೂರ್ತಿ ಸತ್ತಂತೆ. ನಿಮಿಷಕ್ಕೆ 18,000 ಸುತ್ತು ಅಂದರೆ ಸೆಕೆಂಡಿಗೆ 300. ಕಮ್ಯುಟೇಟರ್‌ನಲ್ಲಿ 24 ತಾಮ್ರದ ಪಟ್ಟಿಗಳಿದ್ದರೆ ಬ್ರಷ್‌ನ ಅಡಿಯಲ್ಲಿ ಸೆಕೆಂಡಿಗೆ 7,200 ಪಟ್ಟಿಗಳು ಹಾದುಹೋಗುತ್ತವೆ. ಕೂದಲೆಳೆಯಷ್ಟು ಉಬ್ಬು, ಅಲುಗಾಟ, ಸ್ಪ್ರಿಂಗಿನ ಸಡಿಲು ಇದ್ದರೂ ಅದು ಕಿಡಿಯಾಗಿ ಹೊರಬೀಳುವುದು ಇದರಿಂದಲೇ.

ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವ ಜಾಗದಲ್ಲೇ ಇಟ್ಟುಕೊಳ್ಳುತ್ತೇನೆ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಒಳಗೆ ರೇಡಿಯೋ ಗಲಾಟೆ ತಡೆಯುವ ಸಣ್ಣ ಕೆಪಾಸಿಟರ್ ಇರಬಹುದು. ಪ್ಲಗ್ ಕಿತ್ತ ಮೇಲೆ ಮಿಕ್ಸಿಯ ನಾಬನ್ನು ಒಮ್ಮೆ ಆನ್ ಕಡೆ ತಿರುಗಿಸಿ ಒಂದು ನಿಮಿಷ ಬಿಟ್ಟರೆ ಅದರಲ್ಲಿ ಉಳಿದ ಚಾರ್ಜ್ ಮೋಟರಿನ ಸುತ್ತುಗಳ ಮೂಲಕ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಆದರೆ ಬ್ರಷ್ ಪೂರ್ತಿ ಬಿಟ್ಟಿದ್ದರೆ ಆ ದಾರಿಯೇ ಮುಚ್ಚಿರುತ್ತದೆ, ಹಾಗಾಗಿ ಕೆಪಾಸಿಟರಿನ ಎರಡು ಕಾಲುಗಳನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ.

ಬ್ರಷ್ ತೆಗೆಯಲು ಕಪ್ಲರ್ (ಜಾರಿನ ಬ್ಲೇಡನ್ನು ತಿರುಗಿಸುವ, ಶಾಫ್ಟ್‌ನ ಮೇಲ್ತುದಿಯ ಬಿಲ್ಲೆ) ಬಿಚ್ಚುವ ಅಗತ್ಯ ಹೆಚ್ಚಿನ ಮಿಕ್ಸಿಗಳಲ್ಲಿ ಇಲ್ಲ. ತಲೆಕೆಳಗು ಮಾಡಿ ತಳದ ಸ್ಕ್ರೂಗಳನ್ನು ತೆಗೆದರೆ ಸಾಕು. ಕೆಲವು ಸ್ಕ್ರೂಗಳು ರಬ್ಬರ್ ಕಾಲುಗಳ ಒಳಗೆ ಅಡಗಿರುತ್ತವೆ. ಇಡೀ ಮೋಟರನ್ನು ಹೊರತೆಗೆಯಲೇಬೇಕಾದ ಮಾದರಿಯಾದರೆ ಶಾಫ್ಟ್‌ನ ಕೆಳತುದಿಯನ್ನು ಅಲುಗದಂತೆ ಹಿಡಿದು, ಬ್ಲೇಡ್ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಬೇಕು. ಓಡುವಾಗ ಬೀಳುವ ಭಾರ ಅದನ್ನು ಬಿಗಿಯುತ್ತಲೇ ಇರಲಿ ಎಂದು ಸ್ಕ್ರೂ ಮರೆಯನ್ನು ಹಾಗೆ ಕೊಟ್ಟಿರುತ್ತಾರೆ. ಎದುರು ದಿಕ್ಕಿಗೆ ಒತ್ತಾಯ ಮಾಡಿ ಮುರಿದುಕೊಂಡವರೇ ಹೆಚ್ಚು. ತಳ ತೆರೆದ ಕೂಡಲೇ, ಒಂದು ವೈರನ್ನೂ ಮುಟ್ಟದೆ, ಮೊಬೈಲಿನಲ್ಲಿ ಎರಡು ಮೂರು ಕೋನದಿಂದ ಫೋಟೋ ತೆಗೆಯುತ್ತೇನೆ. ಫೀಲ್ಡ್‌ನಿಂದ ಬ್ರಷ್‌ಗೆ ಬರುವ ಎರಡು ವೈರು ಅದಲುಬದಲಾದರೆ ಮೋಟರ್ ತಿರುವುಮುರುವಾಗಿ ತಿರುಗುತ್ತದೆ, ಕಪ್ಲರ್ ತಾನೇ ಬಿಚ್ಚಿಕೊಂಡು ಹಾರುತ್ತದೆ.

ಬ್ರಷ್ ಕೂತಿರುವುದು ಹಿತ್ತಾಳೆಯ ಹೋಲ್ಡರಿನಲ್ಲಿ, ಕಮ್ಯುಟೇಟರಿನ ಎದುರುಬದುರು. ಹಿಂದೆ ಸ್ಪ್ರಿಂಗ್, ಅದರ ಹಿಂದೆ ಕ್ಲಿಪ್ಪೋ ಸಣ್ಣ ಸ್ಕ್ರೂವೋ ಇರುತ್ತದೆ. ದೊಡ್ಡ ಹಿಟ್ಟು ಕಲಸುವ ಯಂತ್ರಗಳಲ್ಲಿ ಹೊರಗಿನಿಂದಲೇ ಬಿಚ್ಚಬಹುದಾದ ಅಗಲ ಗೀರಿನ ಪ್ಲಾಸ್ಟಿಕ್ ಮುಚ್ಚಳ ಇರುವುದುಂಟು. ಎರಡರಲ್ಲೂ ಸ್ಪ್ರಿಂಗ್ ಹಾರಿ ಮೂಲೆ ಸೇರುವುದು ಸಾಮಾನ್ಯ, ಬೆರಳಿನಿಂದ ಒತ್ತಿ ಹಿಡಿದೇ ಬಿಡಿಸಬೇಕು. ಹೊರಬಂದ ಬ್ರಷ್‌ಗಳನ್ನು ಎಡ, ಬಲ ಎಂದು ಗುರುತು ಮಾಡಿ ಬಿಳಿ ಕಾಗದದ ಮೇಲೆ ಇಡುತ್ತೇನೆ. ಮುಕ್ಕಾಲು ಪಾಲು ಜನ ಇಲ್ಲಿಯೇ ಹಳೆಯದನ್ನು ಬುಟ್ಟಿಗೆ ಎಸೆದು ಹೊಸದನ್ನು ತುರುಕುತ್ತಾರೆ. ಎರಡೇ ತಿಂಗಳಿಗೆ ಮತ್ತದೇ ಕಿಡಿ ಬರುವುದೂ ಇದರಿಂದಲೇ. ಬ್ರಷ್ ಯಾಕೆ ಸವೆಯಿತು ಎಂಬುದಕ್ಕೆ ಇರುವ ಸಾಕ್ಷಿಯೇ ಆ ಎರಡು ತುಂಡು.

ಕಮ್ಯುಟೇಟರನ್ನು ತಾಗುವ ಮುಖ ನುಣ್ಣಗೆ, ಬೂದು ಹೊಳಪಿನಲ್ಲಿ, ಎರಡರಲ್ಲೂ ಒಂದೇ ಸಮ ಇದ್ದು ಉದ್ದ ಮಾತ್ರ ಕಡಿಮೆಯಾಗಿದ್ದರೆ ಅದು ಆಯಸ್ಸು ಮುಗಿದ ಸವೆತ. ಹೊಸದು ಹಾಕಿ ನಿಶ್ಚಿಂತೆಯಿಂದ ಇರಬಹುದು. ಒಂದು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ್ದು ಹೋಲ್ಡರಿನಲ್ಲಿ ಸಿಕ್ಕಿಕೊಂಡಿತ್ತೋ ಇಲ್ಲವೇ ಒಂದು ಕಡೆಯ ಸ್ಪ್ರಿಂಗ್ ಸತ್ತಿತ್ತೋ ನೋಡಬೇಕು. ಅಂಚು ಚಕ್ಕೆ ಎದ್ದಿದ್ದರೆ ಬ್ರಷ್ ಹೋಲ್ಡರಿನಲ್ಲಿ ಕುಣಿಯುತ್ತಿತ್ತು, ಇಲ್ಲವೇ ತಾಮ್ರದ ಪಟ್ಟಿಗಳ ನಡುವಿನ ಮೈಕಾ (ಕರೆಂಟು ಹರಿಯಬಿಡದ ಪದರ) ಮೇಲೆದ್ದು ಅದನ್ನು ಬಡಿಯುತ್ತಿತ್ತು. ಮುಖದಲ್ಲಿ ಸುಟ್ಟ ಗುಳಿಗಳು, ತಾಮ್ರದ ಚುಕ್ಕೆಗಳು ಕಂಡರೆ ಕಮ್ಯುಟೇಟರೇ ಕೆಟ್ಟಿದೆ. ಸ್ಪ್ರಿಂಗ್ ನೀಲಿಗಟ್ಟಿದ್ದರೆ ಒಳಗಿನ ತಾಮ್ರದ ಎಳೆಯ ವೈರು ಕಡಿದು ಕರೆಂಟೆಲ್ಲ ಸ್ಪ್ರಿಂಗಿನ ಮೂಲಕ ಹರಿದಿದೆ ಎಂದರ್ಥ. ಕಾದ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಬ್ರಷ್ಷನ್ನು ಒತ್ತುವುದನ್ನೇ ಬಿಡುತ್ತದೆ.

ಉದ್ದದ ಲೆಕ್ಕಕ್ಕೆ ನಾನು ಇಟ್ಟುಕೊಂಡಿರುವ ಗೆರೆ: ಹೊಸದರ ಮೂರನೇ ಒಂದು ಪಾಲಿಗಿಂತ ಕಡಿಮೆ ಉಳಿದಿದ್ದರೆ, ಇಲ್ಲವೇ 6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಬದಲಾಯಿಸುವುದೇ. ಇನ್ನೂ ಸವೆಯಲು ಬಿಟ್ಟರೆ ಒಳಗೆ ಹುದುಗಿರುವ ವೈರಿನ ತುದಿಯೋ ಸ್ಪ್ರಿಂಗೋ ಕಮ್ಯುಟೇಟರನ್ನು ಗೀರುತ್ತದೆ. ಅಲ್ಲಿಗೆ ಬ್ರಷ್‌ನ ಕೆಲಸ ಆರ್ಮೇಚರಿನ ಕೆಲಸವಾಗುತ್ತದೆ.

ಹೊಸದನ್ನು ಆರಿಸುವಾಗ ಅಳತೆ ಸವೆದ ಮುಖದ ಕಡೆ ಅಲ್ಲ, ಹಿಂಬದಿಯಲ್ಲಿ ತೆಗೆಯಬೇಕು. ವರ್ನಿಯರ್ ಕ್ಯಾಲಿಪರಿನಲ್ಲಿ ದಪ್ಪ ಮತ್ತು ಅಗಲ ಎರಡನ್ನೂ ನೋಡಿ, ಹೋಲ್ಡರಿನ ಒಳಗಿಂಡಿಗೆ ಹೋಲಿಸುತ್ತೇನೆ. ಬ್ರಷ್ ತನ್ನ ಭಾರಕ್ಕೇ ಹೋಲ್ಡರಿನಲ್ಲಿ ಜಾರಬೇಕು, ಆದರೆ ಕೈಗೆ ತಿಳಿಯುವಷ್ಟು ಅಲುಗಬಾರದು. ಸುಮಾರು 0.1 ಮಿ.ಮೀ. ಸಡಿಲು ಸರಿ. ಸ್ವಲ್ಪ ದಪ್ಪ ಇದ್ದರೆ ಗಾಜಿನ ಮೇಲೆ 400 ನಂಬರಿನ ಉಜ್ಜುಕಾಗದ ಹಾಸಿ, ಪಕ್ಕಗಳನ್ನು ಸಮನಾಗಿ ಉಜ್ಜಿ ಇಳಿಸಬಹುದು. ಅರ್ಧ ಮಿಲಿಮೀಟರ್ ಸಣ್ಣದಿದ್ದರೆ ಮಾತ್ರ ಹಾಕಲೇಬೇಡಿ, ಅದಕ್ಕೆ ಮದ್ದಿಲ್ಲ. ಅಳತೆ ಕೂಡಿಬಂತೆಂದು ಬ್ಯಾಟರಿ ಮೋಟರಿನ ತಾಮ್ರ ಬೆರೆಸಿದ ಕೆಂಬಣ್ಣದ ಬ್ರಷ್ ಹಾಕುವುದೂ ತಪ್ಪು. ಬ್ರಷ್ ಒಂದೇ ಹೊತ್ತಿಗೆ ಅಕ್ಕಪಕ್ಕದ ಎರಡು ಪಟ್ಟಿಗಳನ್ನು ಮುಟ್ಟಿಕೊಂಡಿರುತ್ತದೆ. ಆ ಗಳಿಗೆಯಲ್ಲಿ ಅವುಗಳ ನಡುವೆ ಹರಿಯುವ ಕರೆಂಟಿಗೆ ಕಾರ್ಬನ್ನಿನ ತಡೆಯೇ ಲಗಾಮು. ತಾಮ್ರದ ಬ್ರಷ್‌ಗೆ ಆ ತಡೆ ಇಲ್ಲ, ಕಮ್ಯುಟೇಟರ್ ಸುಟ್ಟುಹೋಗುತ್ತದೆ. ವೈರು ಮತ್ತು ಹಿಂದಿನ ಹಿತ್ತಾಳೆಯ ಬಿಲ್ಲೆಯ ನಡುವಿನ ಬೆಸುಗೆಯನ್ನು ಮೆಲ್ಲಗೆ ಎಳೆದು ನೋಡುತ್ತೇನೆ, ಅಗ್ಗದ ಬ್ರಷ್‌ಗಳು ಕೈಕೊಡುವುದು ಅಲ್ಲೇ. ಒಂದೇ ಸವೆದಿದ್ದರೂ ಎರಡನ್ನೂ ಬದಲಾಯಿಸಬೇಕು, ಸ್ಪ್ರಿಂಗೂ ಹೊಸದೇ ಆಗಿರಬೇಕು. ಎರಡೂ ಕಡೆಯ ಒತ್ತಡ ಒಂದೇ ಆಗಿದ್ದರೆ ಮಾತ್ರ ಸವೆತ ಒಂದೇ ಆಗುತ್ತದೆ.

ಹೊಸದು ಕೂರಿಸುವ ಮುನ್ನ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತ, ಟಾರ್ಚ್ ಬೆಳಕಿನಲ್ಲಿ ಕಮ್ಯುಟೇಟರಿನ ಒಂದೊಂದು ಪಟ್ಟಿಯನ್ನೂ ನೋಡುತ್ತೇನೆ. ಕಾಫಿಪುಡಿ ಬಣ್ಣದ ತೆಳು ಪೊರೆ ಇದ್ದರೆ ಅದು ಕೊಳೆ ಅಲ್ಲ, ಬ್ರಷ್ ನುಣುಪಾಗಿ ಜಾರಲು ತಾನೇ ಮಾಡಿಕೊಂಡ ಲೇಪ. ಅದನ್ನು ಉಜ್ಜಿ ತಾಮ್ರ ಫಳಫಳ ಹೊಳೆಯುವಂತೆ ಮಾಡಿದರೆ ಹೊಸ ಬ್ರಷ್ ಬೇಗ ತಿನ್ನಲ್ಪಡುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಮಾತ್ರ 600 ನಂಬರಿನ ಉಜ್ಜುಕಾಗದದ ಪಟ್ಟಿಯನ್ನು ಹಗುರಾಗಿ ಒತ್ತಿ ಶಾಫ್ಟನ್ನು ಕೈಯಲ್ಲೇ ಹತ್ತಿಪ್ಪತ್ತು ಸುತ್ತು ತಿರುಗಿಸುತ್ತೇನೆ. ಎಮರಿ ಬಟ್ಟೆ ಬೇಡ, ಅದರ ಹರಳು ತಾಮ್ರಕ್ಕೆ ನೆಟ್ಟುಕೊಂಡು ಬ್ರಷ್ಷನ್ನು ಅರೆಯುತ್ತದೆ. ಆಮೇಲೆ ಪಟ್ಟಿಗಳ ನಡುವಿನ ಸಂದುಗಳಲ್ಲಿ ತುಂಬಿದ ಕರಿಯನ್ನು ಮರದ ಹಲ್ಲುಕಡ್ಡಿಯಿಂದ ಗೀಚಿ ತೆಗೆಯಬೇಕು. ಉಕ್ಕಿನ ಸೂಜಿ ಬಳಸಿದರೆ ತಾಮ್ರದ ಅಂಚು ಸಂದಿಗೆ ಮಡಚಿ ಪಕ್ಕದ ಪಟ್ಟಿಗೆ ಸೇತುವೆಯಾಗುತ್ತದೆ.

ಎಲ್ಲ ಪಟ್ಟಿಗಳೂ ಚೆನ್ನಾಗಿದ್ದು ಒಂದೋ ಎರಡೋ ಮಾತ್ರ ಸುಟ್ಟು ಗುಳಿಬಿದ್ದಿದ್ದರೆ ಬ್ರಷ್ ಬದಲಾಯಿಸಿ ಪ್ರಯೋಜನ ಇಲ್ಲ. ಆ ಪಟ್ಟಿಗೆ ಸೇರಿದ ಆರ್ಮೇಚರ್ ಸುತ್ತು ಕಡಿದಿದೆ ಅಥವಾ ಶಾರ್ಟ್ ಆಗಿದೆ. ಮಲ್ಟಿಮೀಟರನ್ನು ಅತಿ ಕಡಿಮೆ ಓಮ್ ಶ್ರೇಣಿಗಿಟ್ಟು ಅಕ್ಕಪಕ್ಕದ ಪಟ್ಟಿಗಳ ಜೋಡಿಗಳನ್ನು ವರಸೆಯಾಗಿ ಅಳೆದರೆ ಓದು ಸುತ್ತಲೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಜೋಡಿಯಲ್ಲಿ ಮಾತ್ರ ಎದ್ದುಕಾಣುವಷ್ಟು ಏರಿದರೆ ಅಲ್ಲಿ ಕಡಿದಿದೆ, ತೀರಾ ಇಳಿದರೆ ಅಲ್ಲಿ ಶಾರ್ಟ್. ಪಟ್ಟಿಯಿಂದ ಶಾಫ್ಟ್‌ಗೆ ಅಳೆದಾಗ ಏನೂ ಬರಬಾರದು. ಬಂದರೆ ಆ ಮೋಟರ್ ಮುಟ್ಟಿದವರಿಗೆ ಶಾಕ್ ಹೊಡೆಯುವ ಹಾದಿಯಲ್ಲಿದೆ.

ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿ ನೋಡುವುದು ಅರ್ಧ ನಿಮಿಷದ ಕೆಲಸ, ಆದರೆ ಬ್ರಷ್ ಪದೇ ಪದೇ ಸವೆಯುವ ಮಿಕ್ಸಿಗಳಲ್ಲಿ ಹೆಚ್ಚಿನ ಸಲ ಗುಟ್ಟು ಸಿಗುವುದು ಇಲ್ಲೇ. ಟಕಟಕ ಎಂದರೆ ಮೋಟರಿನ ಬುಷ್ ಹೋಗಿದೆ. ಓಡುವಾಗ ಕಮ್ಯುಟೇಟರ್ ಓಲಾಡುತ್ತದೆ, ಬ್ರಷ್ ಅದರ ಹಿಂದೆ ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಒಂದು ಕಿಡಿ. ಬುಷ್ ಬದಲಾಯಿಸದೆ ಬರೀ ಕಾರ್ಬನ್ ಹಾಕುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಬುಷ್ ಸುತ್ತ ತುಕ್ಕಿನ ಗೆರೆಗಳಿದ್ದರೆ ಜಾರಿನ ತಳ ಸೋರಿ ನೀರು ಶಾಫ್ಟ್ ಗುಂಟ ಇಳಿದಿದೆ. ಮೊದಲು ಜಾರಿನ ವಾಷರ್, ಆಮೇಲೆ ಬುಷ್, ಕೊನೆಗೆ ಬ್ರಷ್.

ಒಳಗೆಲ್ಲ ಕೂತಿರುವ ಕಪ್ಪು ಪುಡಿ ವಿದ್ಯುತ್ ಹರಿಯಬಿಡುವ ಪುಡಿ, ಅದನ್ನು ಸುಮ್ಮನೆ ಬಿಡಬಾರದು. ಊದಿದರೆ ಕಾಯಿಲ್‌ಗಳ ಸಂದಿಗೆ ಇನ್ನಷ್ಟು ಒಳಗೆ ಹೋಗುತ್ತದೆ, ನಮ್ಮ ಮೂಗಿಗೂ ಬರುತ್ತದೆ. ಒಣ ಪೇಂಟ್ ಬ್ರಷ್‌ನಿಂದ ಸಡಿಲಿಸುತ್ತ ವ್ಯಾಕ್ಯೂಮ್ ಕ್ಲೀನರಿನಲ್ಲಿ ಹೀರುತ್ತೇನೆ. ಹೋಲ್ಡರಿನ ಒಳಗನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಲು ಬಿಡುತ್ತೇನೆ. ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಯಾವುದೂ ಕಮ್ಯುಟೇಟರಿನ ಹತ್ತಿರ ಸುಳಿಯಕೂಡದು. ಎಣ್ಣೆಗೆ ಕಾರ್ಬನ್ ಪುಡಿ ಮೆತ್ತಿ ಅಂಟಾಗುತ್ತದೆ, ಬ್ರಷ್ ಹೋಲ್ಡರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಸ ಬ್ರಷ್‌ನ ಮುಖ ಮೊದಲೇ ಕಮಾನಾಗಿ ಕೊರೆದಿದ್ದರೆ ಆ ಕಮಾನು ಕಮ್ಯುಟೇಟರಿನ ಗುಂಡಗೆ ಹೊಂದುವಂತೆ ಕೂರಿಸಬೇಕು, ಅಡ್ಡ ಕೂರಿಸಿದರೆ ಎರಡೇ ಮೂಲೆ ತಾಗುತ್ತವೆ. ಚಪ್ಪಟೆ ಮುಖ ಇದ್ದರೆ ಬ್ರಷ್ಷನ್ನು ಹೋಲ್ಡರಿಗೆ ಹಾಕಿ, ಕಮ್ಯುಟೇಟರಿನ ಮೇಲೆ 400 ನಂಬರಿನ ಕಾಗದವನ್ನು ಒರಟು ಮುಖ ಬ್ರಷ್ ಕಡೆ ಇರುವಂತೆ ಸುತ್ತಿ, ಓಟದ ದಿಕ್ಕಿಗೇ ಎಳೆಯುತ್ತೇನೆ. ಹಿಂದಕ್ಕೆ ತರುವಾಗ ಬ್ರಷ್ಷನ್ನು ಎತ್ತಿ ಹಿಡಿಯಬೇಕು. ಎಂಟು ಹತ್ತು ಎಳೆತಕ್ಕೆ ಅರ್ಧಕ್ಕಿಂತ ಹೆಚ್ಚು ಮುಖ ತಾಗುವಂತಾಗುತ್ತದೆ, ಉಳಿದದ್ದನ್ನು ಓಟವೇ ಮಾಡಿಕೊಳ್ಳುತ್ತದೆ. ಆ ಪುಡಿಯನ್ನು ಮತ್ತೊಮ್ಮೆ ಹೀರಿ ತೆಗೆಯುವುದನ್ನು ಮರೆಯಬೇಡಿ.

ಮುಚ್ಚುವ ಮುನ್ನ ನಾಬನ್ನು ಆನ್‌ಗೆ ಇಟ್ಟು ಪ್ಲಗ್‌ನ ಎರಡು ಪಿನ್ನುಗಳ ನಡುವೆ ಓಮ್ ನೋಡುತ್ತ ಶಾಫ್ಟನ್ನು ನಿಧಾನ ತಿರುಗಿಸುತ್ತೇನೆ. ಓದು ಸ್ವಲ್ಪ ಆಚೀಚೆ ಆಡುವುದು ಸಹಜ. ಎಲ್ಲೋ ಒಂದು ಜಾಗದಲ್ಲಿ ಪೂರ್ತಿ ಕಡಿದುಹೋದರೆ ಬ್ರಷ್ ಸಿಕ್ಕಿಕೊಂಡಿದೆ, ಇಲ್ಲವೇ ಆ ಜಾಗದ ಪಟ್ಟಿ ಸರಿಯಿಲ್ಲ. ಪಿನ್ನುಗಳಿಂದ ಅರ್ಥ್ ಪಿನ್ನಿಗೂ ಶಾಫ್ಟ್‌ಗೂ ಏನೂ ಬರಬಾರದು. ಬ್ರಷ್‌ನ ವೈರು ತಿರುಗುವ ಫ್ಯಾನಿಗೋ ತಳದ ಮುಚ್ಚಳಕ್ಕೋ ಸಿಗದಂತೆ ಮಡಚಿ ಸ್ಕ್ರೂ ಹಾಕುತ್ತೇನೆ.

ಮೊದಲ ಓಟ ಜಾರ್ ಇಲ್ಲದೆ, ಒಂದನೇ ವೇಗದಲ್ಲಿ ಮಾತ್ರ. ಭಾರವಿಲ್ಲದ ಯುನಿವರ್ಸಲ್ ಮೋಟರನ್ನು ಮೂರಕ್ಕೆ ಇಟ್ಟರೆ ವೇಗ ಮಿತಿಮೀರಿ ಏರುತ್ತದೆ, ಇನ್ನೂ ಕೂರದ ಬ್ರಷ್ ಅದನ್ನು ತಾಳದು. ಅರ್ಧ ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸುವುದು, ಹೀಗೆ ಹತ್ತು ಸಲ. ಶುರುವಿನಲ್ಲಿ ಕಿಡಿ ತುಸು ಹೆಚ್ಚಿದ್ದು, ಸ್ವಲ್ಪ ವಾಸನೆ ಬಂದು, ಬರಬರುತ್ತ ಬ್ರಷ್‌ನ ಅಂಚಿನಲ್ಲಿ ಸಣ್ಣ ನೀಲಿ ಚುಕ್ಕೆಗಳಷ್ಟೇ ಉಳಿಯಬೇಕು. ಕಿಡಿ ಬ್ರಷ್ ಬಿಟ್ಟು ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯಂತೆ ಹರಡಿದರೆ ತಕ್ಷಣ ಆಫ್ ಮಾಡಿ. ಪಟ್ಟಿಗಳ ಸಂದಿಯಲ್ಲಿ ಪುಡಿ ಉಳಿದಿದೆ, ಇಲ್ಲವಾದರೆ ಆರ್ಮೇಚರ್ ಶಾರ್ಟ್.

ಹೊಸ ಬ್ರಷ್‌ನ ಉದ್ದವನ್ನೂ ತಾರೀಕನ್ನೂ ತಳದ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಲ್ಲಿ ಬರೆದಿಡುತ್ತೇನೆ. ಮುಂದೆ ಯಾವಾಗ ತೆರೆದರೂ ಎಷ್ಟು ದಿನಕ್ಕೆ ಎಷ್ಟು ಮಿಲಿಮೀಟರ್ ಹೋಯಿತು ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.