ಮೇಳದಲ್ಲಿ ತಮಟೆ ಕಾಯಿಸುವ ಹೊತ್ತು

ನಾಲ್ಕಾರು ತಂಡಗಳು ಒಂದೇ ವೇದಿಕೆ ಹತ್ತುವ ಜಾನಪದ ಮೇಳದಲ್ಲಿ ಪಟ್ಟಿಯ ಸಮಯ ನೋಡಿ ತಮಟೆ ಕಾಯಿಸಬೇಡಿ. ನಿಮಗಿಂತ ಮುಂಚಿನ ತಂಡ ಕೊನೆಯ ಹಾಡು ಎತ್ತಿಕೊಂಡ ಮೇಲೆ ಕಾಯಿಸಿ. (ಮೇಳದ ಸಮಯಪಟ್ಟಿ ಯಾವತ್ತು ಸರಿಯಾಗಿ ನಡೆದಿದೆ, ಹೇಳಿ!) ಚರ್ಮ ಗಾಳಿಯ ತೇವ ಹೀರಿಕೊಂಡು ಸಡಿಲವಾಗುತ್ತದೆ, ಬೆಂಕಿ ಆ ತೇವ ತೆಗೆದು ಬಿಗಿ ಮಾಡುತ್ತದೆ. ಇಬ್ಬನಿ ಬೀಳುವ ಹೊತ್ತಲ್ಲಿ ಆ ಬಿಗಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬೇಗ ಕಾಯಿಸಿ ಸುಮ್ನೆ ಕಾದು ಕೂತರೆ, ಡೊಳ್ಳಿನವರ ಜೊತೆ ಸೇರಿ ಬಾರಿಸುವಾಗ ನಿಮ್ಮ ಪೆಟ್ಟು ಯಾರಿಗೂ ಕೇಳಿಸುವುದಿಲ್ಲ. ಒಣ ತೆಂಗಿನ ಗರಿ ಅಥವಾ ಹುಲ್ಲಿನ ಉರಿ ಸಾಕು. ತಮಟೆಯನ್ನು ತಿರುಗಿಸುತ್ತಾ ಹಿಡಿಯಿರಿ, ನಡುನಡುವೆ ಬೆರಳಲ್ಲಿ ತಟ್ಟಿ ನೋಡಿ. ಮಂಕು ಸದ್ದು ಹೋಗಿ ಟಣ್ ಎಂದ ಕೂಡಲೇ ತೆಗೆಯಿರಿ. ಇನ್ನೂ ಸ್ವಲ್ಪ ಅಂತ ಆಸೆಪಟ್ಟರೆ ಚರ್ಮ ಸೀಳುತ್ತದೆ. ಮೊದಲೇ ಕಾಯಿಸಿಬಿಟ್ಟಿದ್ದರೆ ಕಂಬಳಿಯಲ್ಲಿ ಸುತ್ತಿಡಿ, ಸ್ವಲ್ಪ ಹೊತ್ತು ತಡೆಯುತ್ತದೆ. ಫೈಬರ್ ಹಾಳೆಯ ತಮಟೆಗೆ ಇದು ಬೇಡವೇ ಬೇಡ, ಬೆಂಕಿಗೆ ಹಿಡಿದರೆ ಹಾಳಾಗುತ್ತದೆ. ಸಭಾಂಗಣದೊಳಗೆ ಬೆಂಕಿ ಹಚ್ಚಲು ಬಿಡುವುದಿಲ್ಲ, ಅಲ್ಲಿ ಹ್ಯಾಲೊಜನ್ ದೀಪದ ಮುಂದೆ ಹಿಡಿಯಬಹುದು, ಆದರೆ ತುಂಬಾ ನಿಧಾನ. ಕೊನೆಗೆ ಎಲ್ಲ ತಂಡಗಳೂ ಒಟ್ಟಿಗೆ ಬಾರಿಸುವುದಿದ್ದರೆ ಒಂದು ಸಲ ಕಾಯಿಸಿದ್ದು ಅಲ್ಲಿಯವರೆಗೆ ಬರುವುದಿಲ್ಲ. ಒಬ್ಬರು ಇನ್ನೊಂದು ತಮಟೆ ಹಿಡಿದು ಬೆಂಕಿಯ ಹತ್ತಿರವೇ ಇರಲಿ. ಬೇರೆ ತಂಡದವರೂ ಅದೇ ಬೆಂಕಿಗೆ ಬರುತ್ತಾರೆ, ಗರಿ ಎರಡು ಹೊರೆ ಜಾಸ್ತಿಯೇ ತನ್ನಿ.