ಹಳೇ ಪುಷ್ಪಕ್ ಕೊಳ್ಳೋ ಮುಂಚೆ ಬಾಲ ನೋಡಿ

ಚಿಕ್ಕಬಳ್ಳಾಪುರದ ಗೆಳೆಯರೇ, ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿರುವ ನಮ್ಮೂರ ಹುಡುಗ ಹಳೇ ಪುಷ್ಪಕ್ ಕೊಳ್ಳಬಹುದಾ ಅಂತ ಕೇಳಿದ್ದ. 1958ರಲ್ಲಿ ಎಚ್‌ಎಎಲ್ ಮೊದಲು ಹಾರಿಸಿದ, 90 ಅಶ್ವಶಕ್ತಿಯ ಎರಡು ಸೀಟಿನ ವಿಮಾನ. ಆಸೆಯಾಗೋದು ಸಹಜ. ಆದರೆ ಬಣ್ಣ ನೋಡಿ ಮುಂಗಡ ಕೊಡಬೇಡಿ.

ಮೊದಲು ಬಾಲದ ಹತ್ತಿರ ಮಂಡಿಯೂರಿ ಕೂತು ನೋಡಿ. ಮೈಯೆಲ್ಲ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ರಾಗಿ ಮೆದೆಗೆ ಟಾರ್ಪಾಲ್ ಹೊದಿಸಿದರೆ ಒಳಗೆ ಹೇಗೆ ಬೆವರುತ್ತೋ, ಇದೂ ಹಾಗೇ. ನಿಂತಾಗ ಬಾಲ ತಗ್ಗಿನಲ್ಲಿರುತ್ತೆ, ನೀರೆಲ್ಲ ಅಲ್ಲಿಗೇ ಇಳಿಯುತ್ತೆ. ನೀರು ಹೊರಹೋಗಲು ಅಡಿಯಲ್ಲಿರೋ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಕೆಳಗಿನ ಕೊಳವೆಗೆ ತುಕ್ಕು ಹಿಡಿದಿರಬಹುದು. ಲೈಸೆನ್ಸ್ ಇರೋ ವಿಮಾನ ಎಂಜಿನಿಯರ್‌ಗೇ ತೋರಿಸಿ. ಅವರು ಮಾರುವವರ ಕಡೆಯವರಾಗಿರಬಾರದು. ಹಾರಾಟ, ರಿಪೇರಿ ಬರೆದಿಡೋ ಲಾಗ್‌ಬುಕ್‌ನಲ್ಲಿ ವರ್ಷಗಳೇ ಖಾಲಿ ಇದ್ದರೆ ಬೆಲೆಯ ಮಾತೇ ಬೇಡ.

ಇನ್ನು ಕಾಲಿನ ವಿಷಯ. ಪುಷ್ಪಕ್‌ನ ಮೂರನೇ ಚಕ್ರ ಇರೋದು ಬಾಲದಡಿ. ಮೂಗಿನಡಿ ಚಕ್ರ ಇರೋ ಸೆಸ್ನಾ ವಿಮಾನದಲ್ಲಿ ಕಲಿತದ್ದು ಇಲ್ಲಿ ಸಾಲದು. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರೋದರಿಂದ, ಇಳಿದ ಮೇಲೆ ಸ್ವಲ್ಪ ಓರೆಯಾದರೂ ಬಾಲ ಸುತ್ತಿಕೊಂಡು ಮುಂದೆ ಬರಲು ನೋಡುತ್ತೆ. ವಿಮಾನ ಪೂರ್ತಿ ನಿಲ್ಲೋ ತನಕ ಮೂಗನ್ನು ಎಡಬಲಕ್ಕೆ ತಿರುಗಿಸೋ ರಡ್ಡರ್ ಪೆಡಲ್ ಮೇಲೆ ಕಾಲು ಎಚ್ಚರವಾಗಿರಬೇಕು. ಬಾಲಚಕ್ರ ಕಲಿಸುವ ಬೋಧಕರನ್ನ ಮೊದಲು ಹುಡುಕಪ್ಪ, ವಿಮಾನ ಆಮೇಲೆ.