ಓವರ್‌ಡ್ರೈವ್ ಒತ್ತಿದರೆ ಆಂಪ್‌ನಲ್ಲಿ ಕೀರಲು ಸದ್ದು: ಕೊನೆಗೆ ಹೋದದ್ದು ಹೀಗೆ

ಗಿಟಾರಿನ ದನಿಯನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಆನ್ ಮಾಡಿದ ಕೂಡಲೇ ಆಂಪ್‌ನಿಂದ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೀರಲು. ಗೇನ್ ಏರಿಸಿದಷ್ಟೂ ಜೋರು. ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿದರೂ ನಿಲ್ಲದು.

ಕೇಬಲ್ ಬದಲಿಸಿದ್ದು, ಬೇರೆ ಪ್ಲಗ್ ಪಾಯಿಂಟ್ ಹಿಡಿದದ್ದು ದಂಡ. ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಪೆಡಲ್, ಗಿಟಾರ್ ನುಡಿಸದಿರುವಾಗ ಮಾತ್ರ ಕೀರಲಿನ ಬಾಯಿ ಮುಚ್ಚಿಸುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕಿ ಎನ್ನುವವರೂ ಇದ್ದಾರೆ. ಜೀವಕ್ಕೇ ಅಪಾಯ, ಬೇಡವೇ ಬೇಡ.

ಓವರ್‌ಡ್ರೈವ್‌ನ ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿ ಹಾಕಿದಾಗ ಸದ್ದು ಮಾಯ. ಅಂದರೆ ಒಂದೇ ಅಡಾಪ್ಟರ್‌ನಿಂದ ಕವಲೊಡೆದ ಡೈಸಿ ಚೈನ್ ವೈರಿನಲ್ಲಿ ಡಿಜಿಟಲ್ ಡಿಲೇಯ (ಪ್ರತಿಧ್ವನಿ ಕೊಡುವ ಪೆಡಲ್) ಗದ್ದಲ ಓವರ್‌ಡ್ರೈವ್‌ಗೆ ಹರಿಯುತ್ತಿತ್ತು. ಪ್ರತಿ ಸಾಕೆಟ್ಟಿನ ವಿದ್ಯುತ್ತೂ ಬೇರೆಬೇರೆಯಾಗಿರುವ ಐಸೊಲೇಟೆಡ್ ಪವರ್ ಸಪ್ಲೈ ಹಾಕಿದೆ. ಟ್ಯೂನರ್‌ಗೆ 100 ಮಿಲಿಆಂಪ್, ಓವರ್‌ಡ್ರೈವ್‌ಗೆ 100, ಡಿಲೇಗೆ 300, ಎಲ್ಲವೂ 9 ವೋಲ್ಟ್, ಪಿನ್ನಿನ ನಡುಭಾಗ ಮೈನಸ್. ವೋಲ್ಟ್ ಪೆಡಲ್ ಮೇಲೆ ಬರೆದಷ್ಟೇ ಇರಬೇಕು. ಮಿಲಿಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿರಬಾರದು.

ಸಾಕೆಟ್ ಹಲವಿದ್ದ ಮಾತ್ರಕ್ಕೆ ಐಸೊಲೇಟೆಡ್ ಅಲ್ಲ. ಸಪ್ಲೈಯನ್ನು ಕರೆಂಟಿನಿಂದ ಬಿಡಿಸಿ, ಪೆಡಲ್‌ಗಳಿಂದ ಕಳಚಿದ ಎರಡು ಪಿನ್‌ಗಳ ಒಳತೂತಿಗೆ ಕಂಟಿನ್ಯೂಟಿ (ಬೀಪ್) ಮೋಡ್‌ನಲ್ಲಿಟ್ಟ ಮಲ್ಟಿಮೀಟರಿನ ಮುಳ್ಳು ತಾಗಿಸಿ. ಬೀಪ್ ಅಂದರೆ ಎರಡರ ಮೈನಸ್ಸೂ ಒಂದೇ, ಅಂಥದ್ದನ್ನು ಕೊಳ್ಳಬೇಡಿ.